ಲಾಕ್‌ರಹಿತ ಕ್ರಮಬದ್ಧ ದತ್ತಾಂಶ ರಚನೆಗಳು

ಲಾಕ್‌ರಹಿತ ಕ್ರಮಬದ್ಧ ದತ್ತಾಂಶ ರಚನೆಗಳು ಎಂದರೆ, ನಿರ್ದಿಷ್ಟ ಕ್ರಮದಲ್ಲಿ ಜೋಡಿಸಿಟ್ಟ ಮಾಹಿತಿಯನ್ನು ಹಲವು ಥ್ರೆಡ್‌ಗಳು ಲಾಕ್‌ನ ನೆರವಿಲ್ಲದೆ ಏಕಕಾಲದಲ್ಲಿ ಹುಡುಕಲು, ಸೇರಿಸಲು ಮತ್ತು ಅಳಿಸಲು ಅನುವು ಮಾಡಿಕೊಡುವ ಗಣಕ ರಚನೆಗಳು. ಕ್ರಮಬದ್ಧ ಲಿಂಕ್ಡ್ ಲಿಸ್ಟ್, ಸ್ಕಿಪ್ ಲಿಸ್ಟ್ ಮತ್ತು ಬೈನರಿ ಸರ್ಚ್ ಟ್ರೀ ಇವುಗಳಲ್ಲಿ ಮುಖ್ಯವಾದವು.

ಅಗತ್ಯ

ಲಾಕ್ ಹಿಡಿದ ಥ್ರೆಡ್ ನಡುವೆಯೇ ಸ್ಥಗಿತಗೊಂಡರೆ, ಅದಕ್ಕಾಗಿ ಕಾಯುತ್ತಿರುವ ಉಳಿದ ಥ್ರೆಡ್‌ಗಳೂ ನಿಲ್ಲುತ್ತವೆ. ಲಾಕ್‌ರಹಿತ ರಚನೆಯಲ್ಲಿ ಒಂದು ಥ್ರೆಡ್ ನಿಂತರೂ ಒಟ್ಟು ವ್ಯವಸ್ಥೆಯ ಕೆಲಸ ಮುಂದುವರಿಯುತ್ತದೆ. ಆದರೆ ಪ್ರತಿಯೊಂದು ಥ್ರೆಡ್‌ನ ಕೆಲಸವೂ ಇಂತಿಷ್ಟು ಹಂತಗಳೊಳಗೆ ಮುಗಿಯುತ್ತದೆ ಎಂಬ ಖಾತರಿ ಇರುವುದಿಲ್ಲ. ಆ ಖಾತರಿಯುಳ್ಳ ರಚನೆಗಳನ್ನು ವೇಟ್-ಫ್ರೀ ಎಂದು ಕರೆಯಲಾಗುತ್ತದೆ.

ಕಾರ್ಯವಿಧಾನ

ಈ ರಚನೆಗಳಿಗೆ ಪ್ರೊಸೆಸರಿನ ಕಂಪೇರ್-ಅಂಡ್-ಸ್ವಾಪ್ ಸೂಚನೆಯೇ ಆಧಾರ. ಸ್ಮೃತಿಯ ಒಂದು ಸ್ಥಾನದಲ್ಲಿ ನಿರೀಕ್ಷಿತ ಮೌಲ್ಯವೇ ಇದ್ದರೆ ಅದು ಹೊಸ ಮೌಲ್ಯವನ್ನು ಬರೆಯುತ್ತದೆ; ಇಲ್ಲದಿದ್ದರೆ ಏನನ್ನೂ ಬದಲಿಸುವುದಿಲ್ಲ. ಹೋಲಿಕೆ ಮತ್ತು ಬರಹ ಎರಡೂ ಒಂದೇ ಅವಿಭಾಜ್ಯ ಕ್ರಿಯೆಯಾಗಿ ನಡೆಯುತ್ತವೆ.

ಇಷ್ಟೇ ಸಾಲದು ಎಂಬುದನ್ನು ಕೊಂಕಣ ರೈಲು ಮಾರ್ಗದ ನಿಲ್ದಾಣಗಳ ಉದಾಹರಣೆಯಿಂದ ತಿಳಿಯಬಹುದು. ಉತ್ತರದಿಂದ ದಕ್ಷಿಣಕ್ಕೆ ಹೊನ್ನಾವರ, ಮಂಕಿ, ಭಟ್ಕಳ ಎಂಬ ಪಟ್ಟಿ ಇದೆಯೆನ್ನೋಣ. ಒಂದು ಥ್ರೆಡ್ ಮಂಕಿಯನ್ನು ಅಳಿಸಲು ಹೊನ್ನಾವರದ ಕೊಂಡಿಯನ್ನು ಭಟ್ಕಳಕ್ಕೆ ತಿರುಗಿಸುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಮಂಕಿಯ ಕೊಂಡಿಗೆ ಮುರುಡೇಶ್ವರವನ್ನು ಸೇರಿಸುತ್ತದೆ. ಎರಡೂ ಕ್ರಿಯೆಗಳು ಯಶಸ್ವಿಯಾಗುತ್ತವೆ. ಆದರೆ ಮಂಕಿಯೊಂದಿಗೆ ಮುರುಡೇಶ್ವರವೂ ಪಟ್ಟಿಯಿಂದ ಮಾಯವಾಗುತ್ತದೆ.

ಟಿಮ್ ಹ್ಯಾರಿಸ್ 2001ರಲ್ಲಿ ಪ್ರಕಟಿಸಿದ ವಿಧಾನವು ಅಳಿಸುವಿಕೆಯನ್ನು ಎರಡು ಹಂತಗಳಾಗಿ ವಿಂಗಡಿಸುತ್ತದೆ. ಮೊದಲು ಮಂಕಿಯ ಕೊಂಡಿಯಲ್ಲೇ ಒಂದು ಬಿಟ್‌ನ ಗುರುತು ಹಾಕಲಾಗುತ್ತದೆ. ಅನಂತರ ಅದನ್ನು ಪಟ್ಟಿಯಿಂದ ಬಿಡಿಸಲಾಗುತ್ತದೆ. ಗುರುತು ಬಿದ್ದ ಕೊಂಡಿಯ ಮೌಲ್ಯ ಬದಲಾಗಿರುವುದರಿಂದ ಸೇರಿಸಹೊರಟ ಥ್ರೆಡ್‌ನ ಪ್ರಯತ್ನ ವಿಫಲವಾಗುತ್ತದೆ. ಅದು ಮತ್ತೆ ಹುಡುಕಿ, ಮುರುಡೇಶ್ವರವನ್ನು ಹೊನ್ನಾವರದ ನಂತರ ಸರಿಯಾಗಿ ಸೇರಿಸುತ್ತದೆ.

ಸ್ಕಿಪ್ ಲಿಸ್ಟ್

ಉದ್ದದ ಪಟ್ಟಿಯಲ್ಲಿ ಒಂದೊಂದೇ ನೋಡ್ ದಾಟುತ್ತ ಹುಡುಕುವುದು ನಿಧಾನ. ವಿಲಿಯಂ ಪ್ಯೂ 1990ರಲ್ಲಿ ವಿವರಿಸಿದ ಸ್ಕಿಪ್ ಲಿಸ್ಟ್‌ನಲ್ಲಿ ಮೂಲ ಪಟ್ಟಿಯ ಮೇಲೆ ಇನ್ನಷ್ಟು ವಿರಳವಾದ ಪಟ್ಟಿಗಳಿರುತ್ತವೆ. ವೇಗದ ರೈಲು ಸಣ್ಣ ನಿಲ್ದಾಣಗಳನ್ನು ಬಿಟ್ಟು ಸಾಗುವಂತೆ ಹುಡುಕಾಟ ಮೇಲಿನ ಪಟ್ಟಿಗಳಲ್ಲಿ ಮುಂದೆ ಸಾಗಿ, ಗುರಿ ಸಮೀಪಿಸಿದಾಗ ಕೆಳಗಿಳಿಯುತ್ತದೆ. ಮರದಂತೆ ಇದನ್ನು ಮತ್ತೆ ಮತ್ತೆ ಸಮತೋಲನಗೊಳಿಸಬೇಕಾಗಿಲ್ಲ. ಆದ್ದರಿಂದ ಲಾಕ್‌ರಹಿತ ಬಳಕೆಗೆ ಇದು ಅನುಕೂಲಕರ. 2006ರಲ್ಲಿ ಬಿಡುಗಡೆಯಾದ ಜಾವಾ 6ರ ಕನ್‌ಕರೆಂಟ್‌ಸ್ಕಿಪ್‌ಲಿಸ್ಟ್‌ಮ್ಯಾಪ್ ಇದಕ್ಕೆ ಪ್ರಸಿದ್ಧ ನಿದರ್ಶನ.

ಮಿತಿಗಳು

ಅಳಿಸಿದ ನೋಡ್‌ನ ಸ್ಮೃತಿಯನ್ನು ಕೂಡಲೇ ಮರುಬಳಕೆ ಮಾಡಿದರೆ, ಅದನ್ನು ಇನ್ನೂ ಓದುತ್ತಿರುವ ಥ್ರೆಡ್ ತಪ್ಪು ಮಾಹಿತಿಯನ್ನು ಪಡೆಯಬಹುದು. ಜಾವಾದಂತಹ ಭಾಷೆಗಳಲ್ಲಿ ಗಾರ್ಬೇಜ್ ಕಲೆಕ್ಟರ್ ಇದನ್ನು ತಪ್ಪಿಸುತ್ತದೆ. ಸಿ ಮತ್ತು ಸಿ++ ಭಾಷೆಗಳಲ್ಲಿ ಹಜಾರ್ಡ್ ಪಾಯಿಂಟರ್‌ನಂತಹ ಪ್ರತ್ಯೇಕ ಉಪಾಯಗಳು ಬೇಕಾಗುತ್ತವೆ.