ಕಡಿಮೆ ಬೆಲೆಯ ಬೈಪಾಡ್: ಕಾಲಿಗಿಂತ ಕೀಲು ಮುಖ್ಯ

ಬೈಪಾಡ್ ಎಂದರೆ ರೈಫಲ್‌ನ ಮುಂಭಾಗಕ್ಕೆ ಸಿಕ್ಕಿಸುವ, ಮಡಚಲು ಬರುವ ಎರಡು ಕಾಲುಗಳ ಆಸರೆ. ಮೂರನೆಯ ಆಧಾರ ಗುರಿಕಾರನ ಭುಜ. ತೋಳಿನ ನಡುಕ, ಉಸಿರಿನ ಏರಿಳಿತ, ನಾಡಿಬಡಿತ ಇವೆಲ್ಲ ನಳಿಗೆಯ ತುದಿಯನ್ನು ಸದಾ ಅಲುಗಿಸುತ್ತಿರುತ್ತವೆ. ಮುಂಭಾಗದ ಭಾರವನ್ನು ನೆಲಕ್ಕೆ ಒಪ್ಪಿಸಿದರೆ ಈ ಅಲುಗಾಟ ಬಹಳಷ್ಟು ತಗ್ಗುತ್ತದೆ.

ಅಲುಗಾಟ ಎಷ್ಟು ದುಬಾರಿ ಎಂಬುದನ್ನು ಸರಳ ರೇಖಾಗಣಿತವೇ ಹೇಳುತ್ತದೆ. ಬೈಪಾಡ್‌ಗೂ ಭುಜಕ್ಕೂ ಮುಕ್ಕಾಲು ಮೀಟರ್ ಅಂತರವಿದೆ ಎನ್ನೋಣ. ಮುಂಭಾಗ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 100 ಮೀಟರ್ ದೂರದಲ್ಲಿ ಗುಂಡು ಸುಮಾರು 13 ಸೆಂ.ಮೀ. ಆಚೆ ಬೀಳುತ್ತದೆ. ಒಳ್ಳೆಯ ರೈಫಲ್‌ನಿಂದ ಅಪೇಕ್ಷಿಸುವ ನಿಖರತೆ ಒಂದು ಕೋನನಿಮಿಷ, ಅಂದರೆ ಅದೇ ದೂರದಲ್ಲಿ 2.9 ಸೆಂ.ಮೀ.

ಕೀಲು ಸಡಿಲವಾಗಿದ್ದರೂ ಗುರಿಕಾರ ದೂರದರ್ಶಕದಲ್ಲಿ ನೋಡಿ ಸರಿಪಡಿಸಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. ಟ್ರಿಗರ್ ಒತ್ತುವವರೆಗೆ ಅದು ನಿಜ. ತೊಡಕು ಇರುವುದು ಆಮೇಲಿನ ಗಳಿಗೆಯಲ್ಲಿ. ಗುಂಡು ನಳಿಗೆಯೊಳಗೆ ಓಡುವುದು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ. ಅಷ್ಟರಲ್ಲೇ ರೈಫಲ್ ಹಿಂದಕ್ಕೆ ಚಲಿಸಲು ತೊಡಗಿರುತ್ತದೆ. ಸಂವೇಗ ಸಂರಕ್ಷಣೆಯ ನಿಯಮದಂತೆ ಲೆಕ್ಕ ಹಾಕಿದರೆ, 10 ಗ್ರಾಂ ಗುಂಡು 60 ಸೆಂ.ಮೀ. ನಳಿಗೆಯನ್ನು ದಾಟುವ ಹೊತ್ತಿಗೆ 4 ಕಿ.ಗ್ರಾಂ. ರೈಫಲ್ ಸುಮಾರು ಒಂದೂವರೆ ಮಿ.ಮೀ. ಹಿಂದೆ ಸರಿದಿರುತ್ತದೆ. ಈ ಸರಿತ ಪ್ರತಿ ಸಲವೂ ಒಂದೇ ದಾರಿಯಲ್ಲಿ ಆದರೆ ಗುಂಡುಗಳು ಒಂದೆಡೆ ಗುಂಪಾಗುತ್ತವೆ. ಕೀಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿದರೆ ಚದುರುತ್ತವೆ. ಅನುಭವಿಗಳು ಭುಜದಿಂದ ರೈಫಲ್ ಅನ್ನು ಮೆಲ್ಲಗೆ ಮುಂದೊತ್ತಿ ಹಿಡಿಯುವುದು ಇದಕ್ಕೇ: ಕೀಲಿನ ಸಡಿಲವೆಲ್ಲ ಮೊದಲೇ ಒಂದು ಬದಿಗೆ ತೀರಿಹೋಗಿರುತ್ತದೆ.

ಆದ್ದರಿಂದ ಅಗ್ಗದ ಬೈಪಾಡ್ ಕೊಳ್ಳುವಾಗ ಸವಲತ್ತುಗಳ ಪಟ್ಟಿ ನೋಡುವುದಕ್ಕಿಂತ ಕೀಲುಗಳನ್ನು ಎಣಿಸುವುದು ಲೇಸು. ಪಕ್ಕಕ್ಕೆ ಹೊರಳುವುದು, ಹಿಂದುಮುಂದಾಗಿ ಹಲವು ಕೋನಗಳಲ್ಲಿ ನಿಲ್ಲುವುದು, ಒಂದೇ ಗುಂಡಿ ಒತ್ತಿದರೆ ಕಳಚುವುದು: ಒಂದೊಂದು ಸವಲತ್ತೂ ಒಂದೊಂದು ಕೀಲು. ನುಣುಪಾಗಿ ಕಡೆದ ಬಿಗಿಯಾದ ಕೀಲಿಗೆ ಹಣ ಬೇಕು. ಅಮೆರಿಕದ ಹ್ಯಾರಿಸ್ ಕಂಪನಿಯ ಹಳೆಯ, ಸರಳ ವಿನ್ಯಾಸಕ್ಕೆ ಅಲ್ಲಿ ನೂರು ಡಾಲರಿಗೆ ಮೇಲ್ಪಟ್ಟ ಬೆಲೆ. ಅಟ್ಲಾಸ್‌ನಂಥವು ಅದರ ಎರಡು ಪಟ್ಟು ಮೀರುತ್ತವೆ. ಹ್ಯಾರಿಸ್‌ನ ನಕಲುಗಳು ಅರ್ಧಕ್ಕಿಂತ ಕಡಿಮೆಗೂ ಸಿಗುತ್ತವೆ. ನಕಲು ಎಂದ ಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ. ರೈಫಲ್‌ಗೆ ಕೂರಿಸಿ, ಕಾಲು ಬಿಚ್ಚಿ ಮುಂದೊತ್ತಿದಾಗ ಕಾಲು ಮಡಚಿಕೊಳ್ಳಬಾರದು. ತಿರುಚಿದಾಗ ಕಟಕಟ ಸದ್ದು ಬರಬಾರದು. ಅಷ್ಟು ತಾಳಿದರೆ ಸಾಮಾನ್ಯ ಬಳಕೆಗೆ ಸಾಕು.

ಒಂದು ಸವಲತ್ತಿಗೆ ಮಾತ್ರ ಹೆಚ್ಚು ಹಣ ಕೊಡುವುದು ಸಮರ್ಥನೀಯ: ರೈಫಲ್ ಅನ್ನು ಎಡಬಲಕ್ಕೆ ವಾಲಿಸಿ ಬಿಗಿಯುವ ವ್ಯವಸ್ಥೆ. ನೆಲ ಎಲ್ಲೂ ಪೂರ್ತಿ ಸಮತಟ್ಟಲ್ಲ. ರೈಫಲ್ 5 ಡಿಗ್ರಿ ವಾಲಿದ್ದರೆ, ಗುಂಡಿನ ಇಳಿತಕ್ಕಾಗಿ ಮೇಲಕ್ಕೆ ಕೊಟ್ಟ ಕೋನದ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. .308 ಗುಂಡಿನಲ್ಲಿ 300 ಮೀಟರಿಗೆ ಈ ತಪ್ಪು ಸುಮಾರು 7 ಸೆಂ.ಮೀ.

ಕಾಲಿನ ಎತ್ತರ ಬಳಕೆಯನ್ನು ಅವಲಂಬಿಸಿದೆ. ಮಲಗಿ ಗುರಿಯಿಡುವವರಿಗೆ 6ರಿಂದ 9 ಇಂಚು ಸಾಕು. ಎತ್ತರದ ಹುಲ್ಲಿನಲ್ಲಿ ಕುಳಿತು ಕಾಯುವ ಬೇಟೆಗಾರರಿಗೆ 13ರಿಂದ 27 ಇಂಚಿನವು ಇವೆ, ಆದರೆ ಉದ್ದ ಹೆಚ್ಚಿದಷ್ಟೂ ಕಾಲು ಬಾಗುತ್ತದೆ. ಕಚ್ಚುಗಳಿರುವ ಕಾಲು ನಯವಾದ ಕಾಲಿಗಿಂತ ಬೇಗ ಹೊಂದಿಕೊಳ್ಳುತ್ತದೆ, ಜಾರುವುದೂ ಇಲ್ಲ.

ಜೋಡಣೆಯಲ್ಲಿ ಮೂರು ಬಗೆ ಬಳಕೆಯಲ್ಲಿವೆ: ಪಟ್ಟಿ ಕಟ್ಟುವ ಗುಬಟು, 1995ರಲ್ಲಿ ಅಮೆರಿಕದ ಸೇನೆ ಪ್ರಮಾಣೀಕರಿಸಿದ ಪಿಕಾಟಿನಿ ಹಳಿ, ಮ್ಯಾಗ್‌ಪುಲ್ ಕಂಪನಿಯ ಎಂ-ಲಾಕ್ ಸೀಳು. ರೈಫಲ್‌ನಲ್ಲಿ ಇರುವುದಕ್ಕೆ ನೇರವಾಗಿ ಹೊಂದುವುದನ್ನೇ ಆರಿಸಬೇಕು. ನಡುವೆ ಅಡಾಪ್ಟರ್ ಬಂದರೆ ಖರ್ಚಿನ ಜೊತೆ ಇನ್ನೊಂದು ಸಡಿಲವೂ ಸೇರುತ್ತದೆ. ತೆಳು ಪ್ಲಾಸ್ಟಿಕ್ ಮುಂಭಾಗವುಳ್ಳ ರೈಫಲ್‌ಗಳಲ್ಲಿ ಎಂಥ ಬೈಪಾಡ್ ಹಾಕಿದರೂ ಪ್ಲಾಸ್ಟಿಕ್ಕೇ ಬಾಗಿ ನಳಿಗೆಗೆ ತಾಗಬಹುದು, ಆಗ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಅಲ್ಲಿ ದುಬಾರಿ ಬೈಪಾಡ್ ದಂಡ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಬಹುಮಟ್ಟಿಗೆ ನಿಷಿದ್ಧ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಬೈಪಾಡ್‌ಗೆ ಅವಕಾಶವಿಲ್ಲ. ಅದಕ್ಕೆ ಮೀಸಲಾದ ಸ್ಪರ್ಧೆ ಕೆನಡಾದಲ್ಲಿ ಹುಟ್ಟಿದ ಎಫ್-ಕ್ಲಾಸ್‌ನ ಎಫ್‌-ಟಿಆರ್ ವಿಭಾಗ. ಅಲ್ಲಿ ಬೈಪಾಡ್ ಸೇರಿ ರೈಫಲ್‌ನ ತೂಕ 8.25 ಕಿ.ಗ್ರಾಂ. ಮೀರುವಂತಿಲ್ಲ. ಆ ಸ್ಪರ್ಧಿಗಳು ಬಳಸುವ ಅಗಲ ಪಾದಗಳ ಹಗುರ ಬೈಪಾಡ್ ಹೊತ್ತು ಕಾಡು ಸುತ್ತುವ ಬೇಟೆಗಾರನಿಗೆ ಕೆಲಸಕ್ಕೆ ಬಾರದು.

ಕಾಂಕ್ರೀಟಿನಂಥ ಗಟ್ಟಿ ನೆಲದಲ್ಲಿ ರಬ್ಬರ್ ಪಾದ ಪುಟಿಯುತ್ತದೆ. ಕೆಳಗೊಂದು ಚಾಪೆ ಹಾಸಿದರೆ ಆ ಪುಟಿತ ತಗ್ಗುತ್ತದೆ. ಉಳಿಸಿದ ಹಣದಲ್ಲಿ ಮರಳು ತುಂಬಿದ ಚಿಕ್ಕ ಚೀಲವೊಂದನ್ನು ರೈಫಲ್‌ನ ಹಿಂತುದಿಯ ಕೆಳಗಿಡಲು ಕೊಳ್ಳುವುದು ಒಳ್ಳೆಯದು. ಚೀಲವನ್ನು ಹಿಂಡಿದರೆ ಹಿಂತುದಿ ಏರಿ ಗುರಿ ಕೆಳಗಿಳಿಯುತ್ತದೆ, ಸಡಿಲಿಸಿದರೆ ಮೇಲೇರುತ್ತದೆ.