ಹತ್ತಿ ಬಿಡಿಸುವ ಬೆರಳಿಗೆ ಒಂದೇ ಮೋಟಾರು ಸಾಕೆ?

ಜೇವರ್ಗಿಯ ಎರೆಭೂಮಿಯಲ್ಲಿ ಹತ್ತಿ ಬಿಡಿಸುವವರ ಕೈಯನ್ನು ಹತ್ತಿರದಿಂದ ನೋಡಬೇಕು. ಅರಳಿ ಒಣಗಿದ ಕಾಯಿಯ ಸಿಪ್ಪೆಗೆ ಚೂಪಾದ ತುದಿಗಳಿರುತ್ತವೆ. ಅವುಗಳ ನಡುವೆ ಇಳಿದ ಬೆರಳುಗಳು ನಾಲ್ಕೈದು ತೊಳೆಗಳನ್ನು ಒಟ್ಟಿಗೇ ಹಿಡಿದು ಒಂದೇ ಎಳೆತಕ್ಕೆ ಹೊರತರುತ್ತವೆ. ಒಣ ಎಲೆಯ ಚೂರು ಅಂಟಿ ಬಂದರೆ ದರ ಇಳಿಯುತ್ತದೆ, ತಳದಲ್ಲಿ ಎಳೆ ಉಳಿದರೆ ತೂಕ ಇಳಿಯುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಇಲ್ಲೆಲ್ಲ ತೊಗರಿ ರಾಶಿಗೆ ಯಂತ್ರ ಬಂತು, ಕಬ್ಬು ಕಡಿಯಲೂ ಬಂತು. ಹತ್ತಿ ಮಾತ್ರ ಕೈಗೇ ಉಳಿದಿದೆ. ಅಮೆರಿಕದ ದೊಡ್ಡ ಯಂತ್ರಗಳು ಎಲೆ ಉದುರಿಸಿದ ಹೊಲವನ್ನು ಒಮ್ಮೆಗೇ ಬಿಡಿಸಿ ಮುಗಿಸುತ್ತವೆ. ನಮ್ಮ ಗಿಡಗಳು ಹರಡಿ ಬೆಳೆಯುತ್ತವೆ, ಕಾಯಿಗಳು ಕಂತುಕಂತಾಗಿ ಅರಳುತ್ತವೆ. ಒಂದೇ ಹೊಲಕ್ಕೆ ಮೂರು ನಾಲ್ಕು ಸಲ ಇಳಿಯಬೇಕು. ಅರಳಿದ್ದನ್ನಷ್ಟೇ ಕ್ಯಾಮೆರಾದಿಂದ ಗುರುತಿಸಿ ಬಿಡಿಸುವ ರೋಬೋಟ್ ತೋಳಿನ ಮೇಲೆ ಬೆಂಗಳೂರಿನ ಗ್ರೀನ್ ರೋಬೋಟ್ ಮೆಷಿನರಿ ಕೆಲಸ ಮಾಡಿದೆ. ಕಾಯಿಯ ತನಕ ತೋಳು ತಲುಪಬಹುದು. ಅಲ್ಲಿಂದ ಮುಂದಿನದನ್ನು ಬೆರಳುಗಳಿಗೆ ಬಿಡುವುದಾದರೆ ಆ ಬೆರಳು ಎಂಥದಿರಬೇಕು?

ನೊಗದ ಲೆಕ್ಕ

ನಮ್ಮ ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳು ಇರುವುದು ಮೊಣಕೈ ಕೆಳಗೆ. ಸ್ನಾಯುರಜ್ಜುಗಳು ಅಲ್ಲಿಂದ ಹಾದುಬಂದು ಬೆರಳನ್ನು ಎಳೆಯುತ್ತವೆ. ರೋಬೋಟ್ ಕೈಯಲ್ಲಿ ಆ ಜಾಗಕ್ಕೆ ಹುರಿ ಬಂದಿದೆ. ಪ್ರತಿ ಕೀಲಿಗೂ ಒಂದು ಮೋಟಾರು ಇಟ್ಟರೆ ಕೈ ಭಾರವಾಗುತ್ತದೆ, ದುಬಾರಿಯೂ ಆಗುತ್ತದೆ. 1978ರಲ್ಲಿ ಜಪಾನಿನ ಶಿಗೆಯೊ ಹಿರೋಸೆ ಮತ್ತು ಯೋಜಿ ಉಮೆತಾನಿ, ವಸ್ತುವಿನ ಆಕಾರಕ್ಕೆ ತಾನೇ ಸುತ್ತಿಕೊಳ್ಳುವ ಬಹುಕೀಲಿನ ಹಿಡಿಕೆಯೊಂದನ್ನು ತೋರಿಸಿದರು. ಹಾರ್ವರ್ಡ್‌ನಲ್ಲಿ ಆರನ್ ಡಾಲರ್ ಮತ್ತು ರಾಬರ್ಟ್ ಹೋ ರೂಪಿಸಿದ ಕೈಯಲ್ಲಿ ನಾಲ್ಕು ಬೆರಳು, ಎಂಟು ಕೀಲು, ಮೋಟಾರು ಒಂದೇ. ಇಟಲಿಯ ಪೀಸಾದಲ್ಲಿ ರೂಪುಗೊಂಡ ಕೈಯಲ್ಲಿ 19 ಕೀಲುಗಳಿಗೂ ಒಂದೇ ಮೋಟಾರು.

ಇದು ನೊಗದ ಲೆಕ್ಕ. ಒಂದು ಎತ್ತು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ, ಎಳೆತ ಮಾತ್ರ ಎರಡಕ್ಕೂ ಹಂಚಿಕೆಯಾಗುತ್ತದೆ. ಹಾಗೆಯೇ ಒಂದು ಬೆರಳು ಕಾಯಿಗೆ ತಾಗಿ ನಿಂತರೂ ಉಳಿದವು ಮುಚ್ಚುತ್ತಲೇ ಹೋಗುತ್ತವೆ. ತೋಳು ಒಂದೆರಡು ಮಿಲಿಮೀಟರ್ ತಪ್ಪಿ ನಿಂತರೂ ಹಿಡಿತ ಸಿಗುತ್ತದೆ.

ತಿರುವಿನಲ್ಲಿ ಸೋರುವ ಬಲ

ಆದರೆ ಹೀಗೆ ಒಗ್ಗುವ ಗುಣವೇ ನಿಖರತೆಗೆ ತೊಡಕು. ಮೋಟಾರು ಎಷ್ಟು ತಿರುಗಿತೆಂದು ಗೊತ್ತಿದ್ದ ಮಾತ್ರಕ್ಕೆ ಬೆರಳ ತುದಿ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಜೊತೆಗೆ ಘರ್ಷಣೆಯ ಕಾಟ. ಘರ್ಷಣಾಂಕ 0.1 ಇರುವ ದಾರಿಯಲ್ಲಿ ಹುರಿ ಒಟ್ಟು 180 ಡಿಗ್ರಿ ತಿರುವು ಹಾದರೆ, 10 ನ್ಯೂಟನ್ ಎಳೆತದಲ್ಲಿ ತುದಿಗೆ ತಲುಪುವುದು ಸುಮಾರು 7.3. ಧೂಳು ಸೇರಿ ಘರ್ಷಣಾಂಕ 0.2 ಆಯಿತೆನ್ನಿ, ಆಗ 5.3. ಸಡಿಲಿಸುವಾಗ ಘರ್ಷಣೆ ತಿರುಗುಮುರುಗಾಗಿ ಕೆಲಸ ಮಾಡುವುದರಿಂದ, ಮೋಟಾರು ಹಿಂದೆ ತಿರುಗಿದರೂ ಬೆರಳು ಕೆಲಹೊತ್ತು ಅಲುಗುವುದಿಲ್ಲ. ಸಾಲದ್ದಕ್ಕೆ, ಪಾಲಿಎಥಿಲೀನ್ ಹುರಿ ಭಾರ ಹೊತ್ತು ಹೊತ್ತು ಹಿಗ್ಗುತ್ತದೆ.

ಇದಕ್ಕೆಲ್ಲ ಮದ್ದುಂಟು. ಹುರಿ ಉಜ್ಜಿಕೊಂಡು ಹೋಗುವ ತಿರುವುಗಳಲ್ಲಿ ಬೇರಿಂಗ್ ಇರುವ ರಾಟೆ ಹಾಕಬಹುದು. ಹುರಿಯನ್ನು ಮೊದಲೇ ಬಿಗಿದಿಟ್ಟರೆ ಸಡಿಲಿನಿಂದಾಗುವ ತಪ್ಪು ತಗ್ಗುತ್ತದೆ. ಮಡಚಿದ ಕೀಲುಗಳನ್ನು ಮತ್ತೆ ಬಿಚ್ಚುವ ಸ್ಪ್ರಿಂಗ್‌ಗಳನ್ನೂ ನೋಡಿ ಆರಿಸಬೇಕು: ಬುಡದ ಕೀಲಿನದು ಮೆದುವಾಗಿದ್ದರೆ ಬೆರಳು ಬುಡದಿಂದ ಮಡಚುತ್ತದೆ, ತುದಿಯದು ಮೆದುವಾಗಿದ್ದರೆ ತುದಿಯೇ ಮೊದಲು ಸುರುಳಿಯಾಗಿ ತೊಳೆಯನ್ನು ಹೊರಕ್ಕೆ ತಳ್ಳಬಹುದು. ಕೀಲಿಗೆ ಕೋನ ಅಳೆಯುವ ಸಂವೇದಕ, ತುದಿಗೆ ಒತ್ತಡದ ಸಂವೇದಕ ಇಟ್ಟರೆ ಹುರಿಯ ಸುಳ್ಳು ಲೆಕ್ಕ ಅಲ್ಲೇ ಸಿಕ್ಕಿಬೀಳುತ್ತದೆ.

ಹತ್ತಿಗೆ ನಿಖರತೆ ಬೇಕಿರುವುದು ತೊಳೆಯನ್ನು ಚಿವುಟುವ ಆ ಕಡೆಯ ಕ್ಷಣದಲ್ಲಿ: ಬಲ ಎಷ್ಟು, ಎಳೆ ಜಾರಿತೋ ಇಲ್ಲವೋ. ಮಿಕ್ಕ ಹಾದಿಯಲ್ಲಿ ಕೈ ಒಗ್ಗಿಕೊಂಡು ಹೋದರೆ ಸಾಕು. ಹಾಗಾಗಿ ಖರ್ಚು ಮಾಡಬೇಕಾದ್ದು ಇನ್ನಷ್ಟು ಮೋಟಾರುಗಳಿಗಲ್ಲ, ಬೆರಳ ತುದಿಯ ಅರಿವಿಗೆ.

ದುರಸ್ತಿಯ ಮಾತೂ ಇದೆ. ಹುರಿ ಬದಲಿಸಿದಾಗಲೆಲ್ಲ ಹಳೆಯ ಅಳತೆ ಕೆಡುತ್ತದೆ. ಪ್ರತಿ ಬೆಳಿಗ್ಗೆ ಬೆರಳನ್ನು ಪೂರ್ತಿ ಬಿಚ್ಚಿ, ಪೂರ್ತಿ ಮುಚ್ಚಿ, ಎರಡೂ ಕೊನೆಗಳನ್ನು ಕೈ ತಾನೇ ಗುರುತು ಹಾಕಿಕೊಳ್ಳುವಂತೆ ಮಾಡಿದರೆ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೇ ಅದನ್ನು ನಿಭಾಯಿಸಬಲ್ಲ. ಯೇಲ್ ವಿಶ್ವವಿದ್ಯಾಲಯದ ಓಪನ್‌ಹ್ಯಾಂಡ್ ಯೋಜನೆ ಇಂಥ ಕೈಗಳ ವಿನ್ಯಾಸಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ತ್ರೀಡಿ ಪ್ರಿಂಟರ್ ಇರುವ ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರುವ ಹಂಗಾಮಿಗೇ ಒಂದು ಬೆರಳು ಮಾಡಿ ಹೊಲಕ್ಕೆ ಒಯ್ಯಬಹುದು.