ನೆರೆಮನೆಯ ಗೋಡೆಯೂ ನಗರದ ನಿಯಮವೂ

ಬೆಳಗಿನ ಹೊತ್ತು ಅಡಿಗೆಮನೆಯ ಕಿಟಕಿಯ ಬಳಿ ಕುಳಿತು ಅಕ್ಕಿ ಆರಿಸುವುದು ನಮ್ಮ ಅತ್ತೆಯವರ ಬಹುಕಾಲದ ವಾಡಿಕೆ. ಕನ್ನಡಕದ ನೆರವಿಲ್ಲದೆಯೇ ಕಲ್ಲನ್ನೂ ನೆಲ್ಲನ್ನೂ ಬೇರ್ಪಡಿಸುವಷ್ಟು ಬೆಳಕು ಅಲ್ಲಿ ಬೀಳುತ್ತಿದ್ದಿತು. ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತಿನ ಮನೆಯೊಂದು ಎದ್ದು, ಅದರ ಗೋಡೆಯು ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ಬಂದು ನಿಂತ ಮೇಲೆ ಆ ಬೆಳಕು ಹೋಯಿತು. ಕಟ್ಟಡದ ನಿಯಮಗಳೆಂದರೆ ಇಂಜಿನಿಯರರಿಗೂ ವಕೀಲರಿಗೂ ಸೇರಿದ ವಿಷಯವೆಂದು ನಂಬಿದ್ದ ನನಗೆ, ಅವು ಅಕ್ಕಿಯ ಮೊರಕ್ಕೂ ಸಂಬಂಧಿಸಿದವೆಂಬುದು ಆಗ ತಿಳಿಯಿತು.

ಬೆಂಗಳೂರಿನಲ್ಲಿ ಇಂತಹ ನಿಯಮಗಳ ಹಿಂದೆ ಒಂದು ದೊಡ್ಡ ಸಂಕಟದ ನೆನಪಿದೆ. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಪಟ್ಟಣವನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ, ಗಾಳಿಬೆಳಕು ಸುಳಿಯದ ಕೋಣೆಗಳಲ್ಲಿ, ಜನರು ಸಾಲುಸಾಲಾಗಿ ಸತ್ತರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದು ಸ್ಥಿರಪಟ್ಟದ್ದು ಆಮೇಲಿನ ಮಾತು. ಆದರೂ ಇಲಿಗೆ ಎಡೆಯಿಲ್ಲದ, ಬೆಳಕು ಬೀಳುವ ಮನೆಯೇ ಲೇಸೆಂಬ ಅಂದಿನ ತೀರ್ಮಾನವು ಸುಳ್ಳಾಗಲಿಲ್ಲ. ಬಸವನಗುಡಿಯೂ ಮಲ್ಲೇಶ್ವರವೂ ಆ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. ನೇರವಾದ ಬೀದಿಗಳು, ಮನೆಮನೆಯ ನಡುವೆ ಬಿಡುವು, ಹಿತ್ತಲಿನ ಆಚೆ ಕನ್ಸರ್ವೆನ್ಸಿ ಓಣಿ. ಆ ಓಣಿಯಲ್ಲಿ ನಡೆದಾಡಿದವರು ಮನೆಮನೆಯ ಮಲವನ್ನು ಹೊತ್ತವರು. ಹಳೆಯ ಬಡಾವಣೆಗಳ ಅಂದವನ್ನು ಹೊಗಳುವಾಗ ಅವರನ್ನು ಮರೆಯುವುದು ಕೃತಘ್ನತೆಯೇ ಸರಿ.

ಇನ್ನು ನಮ್ಮ ಗೋಡೆಯ ಕಥೆ. ಪಕ್ಕದಲ್ಲಿ ಅಡಿಪಾಯ ತೋಡುವಾಗಲೇ ನಮ್ಮ ಯಜಮಾನರು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟರು. ಗುಮಾಸ್ತರು ಇಂಜಿನಿಯರರನ್ನು ಕಾಣಿರೆಂದರು. ಇಂಜಿನಿಯರರು ಸ್ಥಳಕ್ಕೆ ದಯಮಾಡಿಸುವಷ್ಟರಲ್ಲಿ ಮೊದಲನೆಯ ತಾರಸಿ ಹಾಕಿ ಆಗಿದ್ದಿತು. ನೋಟೀಸು ಹೊರಟಾಗ ಮೂರನೆಯದು. ನೋಟೀಸಿಗೆ ಉತ್ತರ ಬರುವ ವೇಳೆಗೆ ಗೃಹಪ್ರವೇಶ. ನಮ್ಮನ್ನೂ ಅಕ್ಕರೆಯಿಂದ ಕರೆದಿದ್ದರು. ಹೋಗಿ ಹೋಳಿಗೆಯೂಟ ಮಾಡಿ ಬಂದೆವು. ನೆರೆಯವರೊಡನೆ ಮುಖ ಮುರಿದುಕೊಂಡು ಬಾಳುವುದು ಹೇಗೆ? ಅವರೂ ದುಷ್ಟರಲ್ಲ. ಸಾಲ ಮಾಡಿ ಕಟ್ಟಿದವರು. ಬಾಡಿಗೆ ಬಂದರೆ ಮಗಳ ಓದು ಸಾಗೀತೆಂದು ಎರಡು ಅಡಿ ಹೆಚ್ಚಿಗೆ ಚಾಚಿದರು. ಮೂವತ್ತು ನಲವತ್ತರ ನಿವೇಶನದಲ್ಲಿ ಎರಡು ಅಡಿಯೆಂದರೆ ಒಂದು ಕೋಣೆಯ ಅಗಲವೇ ಬದಲಾಗುತ್ತದೆ. ಅಡಿಪಾಯದ ದಿನವೇ ಯಾರಾದರೂ ಬಂದು ಟೇಪು ಹಿಡಿದು ಅಳೆದಿದ್ದರೆ ದಾರ ಕಟ್ಟಿದ ಗೂಟಗಳನ್ನು ಈಚೆಗೆ ಸರಿಸಿದರೆ ಸಾಕಾಗುತ್ತಿತ್ತು. ಒಂದು ಗಂಟೆಯ ಕೆಲಸ. ನಾಲ್ಕನೆಯ ಅಂತಸ್ತಾದ ಮೇಲೆ ಅದೇ ನಿಯಮವನ್ನು ನಡೆಸಬೇಕಾದರೆ ಒಂದು ಸಂಸಾರದ ಬಾಳನ್ನೇ ಒಡೆಯಬೇಕಾಗುತ್ತದೆ. ಯಾವ ಅಧಿಕಾರಿಯ ಕೈ ತಾನೇ ಎದ್ದೀತು? ದಂಡವನ್ನು ಹೆಚ್ಚಿಸಬೇಕೆಂದು ಕೂಗುವವರು ಬಹಳ ಮಂದಿ. ನನ್ನ ಮಟ್ಟಿಗೆ, ದಂಡಕ್ಕಿಂತ ವೇಳೆಯೇ ಮುಖ್ಯ.

ತಡವಾದುದರ ಫಲವಾಗಿ ಸರ್ಕಾರವೂ ಇಕ್ಕಟ್ಟಿಗೆ ಸಿಕ್ಕಿತು. ವಸತಿಯ ಕಟ್ಟಡಗಳಲ್ಲಿ ಶೇಕಡ ೫೦ರವರೆಗಿನ, ಇತರ ಕಟ್ಟಡಗಳಲ್ಲಿ ಶೇಕಡ ೨೫ರವರೆಗಿನ ಉಲ್ಲಂಘನೆಗಳನ್ನು ಶುಲ್ಕ ಪಡೆದು ಮನ್ನಿಸುವ ‘ಅಕ್ರಮ ಸಕ್ರಮ’ದ ನಿಯಮಗಳು ೨೦೧೪ರಲ್ಲಿ ಹೊರಟವು, ೨೦೧೭ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯೊಡ್ಡಿತು. ತಪ್ಪಿದವನು ಹಣ ಕಟ್ಟಿ ಉಳಿದುಕೊಳ್ಳುವುದಾದರೆ, ನಿಯಮದಂತೆ ಜಾಗ ಬಿಟ್ಟು ಕಟ್ಟಿದವನನ್ನು ಊರು ಹೆಡ್ಡನೆನ್ನುವುದು ಸಹಜ. ಅದೇ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ಮತ್ತೊಂದು ತೀರ್ಪನ್ನಿತ್ತು, ಕಟ್ಟಡದ ಕೆಲಸ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದೂ, ವಾಸಯೋಗ್ಯತೆಯ ಪ್ರಮಾಣಪತ್ರವಿಲ್ಲದೆ ನೀರು, ವಿದ್ಯುತ್ತು, ಒಳಚರಂಡಿಗಳ ಸಂಪರ್ಕವನ್ನು ಕೊಡಬಾರದೆಂದೂ ವಿಧಿಸಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ, ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದು ಕೂಲಿಗೆಂದು ಬಂದವರು ಅದರಡಿಯಲ್ಲಿ ಪ್ರಾಣ ಕಳೆದುಕೊಂಡಿದ್ದರು. ಗೋಡೆಯ ತಪ್ಪು ಬೆಳಕನ್ನು ಮಾತ್ರ ನುಂಗುವುದಿಲ್ಲ.

ನಕ್ಷೆಯ ಹಲಗೆಯ ಮಾತು ನನಗೆ ಬಹಳ ಮೆಚ್ಚಿಗೆಯಾಯಿತು. ಕಚೇರಿಯ ಕಪಾಟಿನಲ್ಲಿದ್ದ ಕಾಗದವು ಬೀದಿಗೆ ಬಂದರೆ, ಹಾಲು ತರಲು ಹೋದವಳೂ ಅದನ್ನು ಓದಬಲ್ಲಳು.

ಓದಿದ ಮೇಲೆ ಹೇಳುವುದು ಯಾರಿಗೆ? ಪಟ್ಟಣದ ಹಣೆಯ ಬರಹವೋ ಏನೋ, ೧೮೬೨ರಲ್ಲಿ ಪೇಟೆಗೊಂದು ದಂಡಿಗೊಂದು ಎಂದು ಎರಡು ಪುರಸಭೆಗಳು ಹುಟ್ಟಿದವು. ೧೯೪೯ರಲ್ಲಿ ಅವು ಒಂದಾದವು. ೨೦೨೫ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು. ಇದರ ನಡುವೆ, ೨೦೨೦ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದಂದಿನಿಂದ ಪಾಲಿಕೆಯು ಐದಾಗುವವರೆಗೂ ಚುನಾವಣೆಯೇ ನಡೆಯಲಿಲ್ಲ. ಕಚೇರಿಗಳು ಎಷ್ಟಾದರೂ ಆಗಲಿ. ಬೀದಿಯವರಿಗೆ ಮುಖಪರಿಚಯವಿರುವ ಒಬ್ಬ ಸದಸ್ಯರೂ, ವಾರಕ್ಕೊಮ್ಮೆ ಬೀದಿಯನ್ನು ನಡೆದು ನೋಡುವ ಒಬ್ಬ ಇಂಜಿನಿಯರರೂ ಇದ್ದರೆ ಅರ್ಧ ಅರ್ಜಿಗಳು ಬರೆಯುವ ಮೊದಲೇ ತೀರುವುವು.

ಕಸದ ವಿಷಯದಲ್ಲಿಯೂ ಇದೇ ಮಾತು. ೨೦೧೬ರ ಕೇಂದ್ರದ ನಿಯಮಗಳಂತೆ ಹಸಿಯದು, ಒಣಗಿದ್ದು, ಅಪಾಯಕರವಾದುದು ಎಂದು ಮೂರು ಬಗೆಯಾಗಿ ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕಾಗಿದ್ದಿತು. ಹಾಗಿದ್ದೂ ನಮ್ಮ ಬೀದಿಯ ತಿರುವಿನ ವಿದ್ಯುತ್ ಕಂಬದ ಬುಡದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಗಂಟುಗಳು ಬಿದ್ದಿರುತ್ತಿದ್ದವು. ೨೦೨೫ರ ಅಕ್ಟೋಬರಿನಲ್ಲಿ ನಗರದ ಅಧಿಕಾರಿಗಳು, ರಸ್ತೆಗೆ ಕಸವೆಸೆದವರನ್ನು ಗುರುತಿಸಿ ಅವರ ಬಾಗಿಲಿಗೇ ಕಸವನ್ನು ಸುರಿದು, ದಂಡವನ್ನೂ ಹಾಕಿದರು. ಪತ್ರಿಕೆಗಳಲ್ಲಿ ಓದಿ ನಾವೆಲ್ಲರೂ ನಕ್ಕೆವು. ಆದರೆ ಸುರಿದುದನ್ನು ಮತ್ತೆ ಬಾಚುವ ಕೈ ಯಾರದು? ಆ ವರ್ಷದ ಮೇ ೧ರಂದು ಬೆಂಗಳೂರಿನಲ್ಲಿ ೧೨,೦೦೦ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರಗಳನ್ನು ಕೊಟ್ಟದ್ದೇ ನನ್ನ ಕಣ್ಣಿಗೆ ಹೆಚ್ಚಿನ ಸುಧಾರಣೆಯಾಗಿ ತೋರಿತು. ನಾಳೆಯೂ ಕೆಲಸವಿದೆಯೆಂಬ ಧೈರ್ಯವಿದ್ದವರಿಗೆ ಬೀದಿಯು ತಮ್ಮದೆನಿಸುತ್ತದೆ. ನಮ್ಮ ಬೀದಿಯನ್ನು ಗುಡಿಸುವ ಆಕೆ ಯಾವ ಮನೆಯ ಗಂಟು ಯಾವುದೆಂದು ಬಲ್ಲಳು. ಬಾಗಿಲು ತಟ್ಟಿ, “ಅಮ್ಮಾ, ನಾಳೆ ಗಾಡಿಗೇ ಕೊಡಿ” ಎಂದು ಹೇಳಿ ಹೋಗುವಳು. ಕಂಬದ ಬುಡದಲ್ಲಿ ಈಗ ಆಕೆಯೇ ಹಾಕಿದ ರಂಗೋಲಿ.

ಕಳೆದ ತಿಂಗಳು ಬೀದಿಯ ಕೊನೆಯಲ್ಲಿ ಹೊಸದೊಂದು ಅಡಿಪಾಯಕ್ಕೆ ಸುಣ್ಣದ ಗೆರೆ ಎಳೆದರು. ನಾಲ್ಕಾರು ಮನೆಯ ಹೆಂಗಸರು ಕೂಡಿ ಹೋಗಿ, “ನಕ್ಷೆಯನ್ನು ಹೊರಗೆ ಹಾಕಿಸಿರಲ್ಲ?” ಎಂದು ಮೇಸ್ತ್ರಿಯನ್ನು ಕೇಳಿದೆವು. ಆತನು ತಲೆ ಕೆರೆದುಕೊಂಡನು. ಮರುದಿನ ಹಲಗೆ ಬಂದಿತು. ಮೂರನೆಯ ದಿನ ಇಂಜಿನಿಯರರೇ ಬಂದು ಟೇಪು ಹಿಡಿದು, ಒಂದು ಕಡೆಯ ಗೆರೆಯನ್ನು ಅಳಿಸಿ ಹದಿನೆಂಟು ಅಂಗುಲ ಈಚೆಗೆ ಎಳೆಯಿಸಿದರು. ಆ ಮಗ್ಗುಲಿನ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮನೆಗೆ ಬಂದು ಅತ್ತೆಯವರಿಗೆ ಈ ಸುದ್ದಿಯನ್ನು ಹೇಳಿದೆನು. ಅವರು ದೀಪದ ಗುಂಡಿಯನ್ನು ಒತ್ತಿ, ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.